ತಾತನ ಕೈ ಎರಡೆರಡು ಕಂಡಿದ್ದು ಯಾಕೆ? ಹಳೆ ಕ್ಯಾಸೆಟ್‌ನಿಂದ ಡಿವಿಡಿವರೆಗೆ

ಅಜ್ಜಿ ಮನೆಯ ಟಿವಿಯಲ್ಲಿ ತಾತನ ಕೈ ಎರಡೆರಡು ಕಾಣುತ್ತಿತ್ತು. ಸುಗ್ಗಿಯಲ್ಲಿ ಕುಣಿಯುತ್ತಾ ಕೈ ಮೇಲೆತ್ತಿದಾಗಲೆಲ್ಲ ಅದು ಹಿಂದಕ್ಕೂ ಮುಂದಕ್ಕೂ ನಡುಗಿದ ಹಾಗೆ. ತಾತ ಸುಮ್ನೆ ನಿಂತರೆ ಚಿತ್ರ ಚೆನ್ನಾಗಿಯೇ ಇತ್ತು, ಕುಣಿದರೆ ಮಾತ್ರ ಹೀಗೆ. ಇದೇ ವಿಡಿಯೋ ನನ್ನ ಕಂಪ್ಯೂಟರ್‌ನಲ್ಲಿ ಒಂದು ಚೂರೂ ತೊಂದರೆ ಇಲ್ಲದೆ ಓಡಿತ್ತು. "ನನ್ನ ಕಣ್ಣು ಮಂಜಾಗಿದೆ ಕಣೋ ಮಗ, ಅದಕ್ಕೇ ಇರಬೇಕು" ಅಂದರು ಅಜ್ಜಿ. ಕಣ್ಣಿನ ತಪ್ಪಲ್ಲ ಅಜ್ಜಿ, ನಾನು ಹಾಕಿದ ಸೆಟ್ಟಿಂಗ್‌ನ ತಪ್ಪು ಅಂತ ಹೇಳೋಕೆ ನನಗೇ ಎರಡು ವಾರ ಬೇಕಾಯಿತು.

ಆ ಎರಡು ವಾರದಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಎಷ್ಟೋ ಮನೆಗಳ ಬೀರುವಿನಲ್ಲಿ ಮದುವೆಯ, ಹಬ್ಬದ ಕ್ಯಾಸೆಟ್‌ಗಳು ಇನ್ನೂ ಇವೆ, ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಹಾಳಾಗುತ್ತಿವೆ.

ಈಗ ಡಿವಿಡಿ ಯಾಕೆ ಅಂತ ಕೇಳಬಹುದು. ಅಜ್ಜಿ ಇರುವುದು ಕೊಡಗಿನ ಶಾಂತಳ್ಳಿಯಿಂದ ಇನ್ನೂ ಮೇಲೆ, ಪುಷ್ಪಗಿರಿ ಕಡೆಗೆ. ಫೋನಿಗೆ ಸಿಗ್ನಲ್ ಬೇಕಾದರೆ ಕಾಫಿ ಒಣಗಿಸುವ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಮನೆಯಲ್ಲಿರುವುದು ಹಳೆ ಡಬ್ಬಾ ಟಿವಿ, ಅದರ ಮೇಲೆ ಹಳೆ ಡಿವಿಡಿ ಪ್ಲೇಯರ್. ಅಜ್ಜಿಗೆ ಗೊತ್ತಿರುವುದು ಒಂದೇ ಬಟನ್. ಒತ್ತಿದರೆ ತಟ್ಟೆ ಹೊರಗೆ ಬರುತ್ತದೆ, ಡಿಸ್ಕ್ ಇಟ್ಟು ಮತ್ತೆ ಒತ್ತಿದರೆ ಚಿತ್ರ ಬರುತ್ತದೆ. ಪೆನ್‌ಡ್ರೈವ್ ಹಾಕಿ ಫೈಲ್ ಹುಡುಕು ಅಂತ ಅವರಿಗೆ ಹೇಳುವುದು ನ್ಯಾಯ ಅಲ್ಲ. ಹಾಗಾಗಿ ನಾನು ಮಾಡಿದ ಡಿಸ್ಕ್‌ಗೆ ಮೆನುವನ್ನೇ ಇಡಲಿಲ್ಲ. ಚಂದದ ಮೆನು, ಹಿಂದೆ ಹಾಡು, ಅಧ್ಯಾಯಗಳ ಚಿಕ್ಕ ಚಿಕ್ಕ ಚಿತ್ರ ಇವೆಲ್ಲ ಮಾಡುವವರಿಗೆ ಖುಷಿ, ನೋಡುವ ಹಿರಿಯರಿಗೆ ಅಡ್ಡಿ. ಡಿವಿಡಿಸ್ಟೈಲರ್‌ನಂಥ ಉಚಿತ ತಂತ್ರಾಂಶದಲ್ಲಿ ಮೆನುವನ್ನು ತೆಗೆದುಹಾಕಬಹುದು. ಡಿಸ್ಕ್ ಹಾಕಿದ ತಕ್ಷಣ ವಿಡಿಯೋ ಶುರುವಾಗುತ್ತದೆ.

ಮೊದಲನೇ ತೊಂದರೆ ಕಂಪ್ಯೂಟರ್‌ದಲ್ಲ, ಬೂಸ್ಟಿನದು. ಅಪ್ಪ ತೆಗೆದಿಟ್ಟಿದ್ದ, ವಿಡಿಯೋ ಕ್ಯಾಮೆರಾದ ಚಿಕ್ಕ ಮಿನಿಡಿವಿ ಕ್ಯಾಸೆಟ್‌ಗಳು ಎಂಟು. 2004ರ ಸುಗ್ಗಿ, ಮಾರನೇ ವರ್ಷ ಅತ್ತೆಯ ಮದುವೆ, ಮತ್ತೆ ಸುಮ್ನೆ ಮನೆಯ ಸುತ್ತ ತೆಗೆದದ್ದು. ಡಬ್ಬಿ ತೆರೆದರೆ ಎರಡರಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ. ಶಾಂತಳ್ಳಿ ಕಡೆಯ ಮಳೆ ಗೊತ್ತಿದ್ದವರಿಗೆ ಇದು ಹೊಸದೇನಲ್ಲ, ಜುಲೈನಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಬಾಗಿಲಿಗೆ ಹಿಡಿಯುವ ಅದೇ ಬೂಸ್ಟು ಟೇಪನ್ನೂ ಬಿಡುವುದಿಲ್ಲ. ಅಂಥ ಕ್ಯಾಸೆಟ್ಟನ್ನು ದಯವಿಟ್ಟು ನೇರವಾಗಿ ಕ್ಯಾಮೆರಾಗೆ ಹಾಕಬೇಡಿ. ಆ ಪುಡಿ ಕ್ಯಾಮೆರಾದಲ್ಲಿ ಟೇಪು ಓದುವ ಹೆಡ್‌ಗೆ ಅಂಟಿಕೊಳ್ಳುತ್ತದೆ, ಆಮೇಲೆ ಚೆನ್ನಾಗಿರುವ ಕ್ಯಾಸೆಟ್‌ಗಳೂ ಚೌಕ ಚೌಕವಾಗಿ ಒಡೆದು ಕಾಣುತ್ತವೆ. ಟೇಪೂ ಹರಿಯಬಹುದು. ಬೂಸ್ಟು ಹಿಡಿದ ಎರಡನ್ನು ನಾನು ಬೇರೆ ಎತ್ತಿಟ್ಟೆ, ಅವುಗಳ ಮಾತು ಕೊನೆಗೆ.

ಉಳಿದ ಆರನ್ನು ಕುಶಾಲನಗರಕ್ಕೆ ತಂದೆ. ನಾನಿರುವುದು ಅಲ್ಲಿ, ಮಳೆಯೂ ಕಡಿಮೆ. ತಂದ ದಿನವೇ ಹಾಕಿದರೆ ಕ್ಯಾಮೆರಾ ಓಡಲಿಲ್ಲ, ಒಳಗೆ ತೇವ ಇದೆ ಅಂತ ಎಚ್ಚರಿಕೆ ತೋರಿಸಿ ನಿಂತಿತು. ಗಾಬರಿ ಬೇಡ, ಕೆಟ್ಟಿಲ್ಲ. ತಣ್ಣನೆ ಜಾಗದಿಂದ ಬೆಚ್ಚನೆ ಜಾಗಕ್ಕೆ ತಂದಾಗ ಒಳಗೆ ನೀರಿನ ಪಸೆ ಕೂರುತ್ತದೆ, ಟೇಪು ಒಳಗೆ ತಿರುಗುವ ಡ್ರಮ್ಮಿಗೆ ಅಂಟಬಾರದು ಅಂತ ಕ್ಯಾಮೆರಾ ತಾನೇ ನಿಲ್ಲಿಸುತ್ತದೆ. ಕ್ಯಾಸೆಟ್ ಬಾಗಿಲು ತೆರೆದಿಟ್ಟು ಒಂದೆರಡು ಗಂಟೆ ಬಿಟ್ಟರೆ ಸರಿಹೋಗುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ. ಹಾಗೇ ಒಲೆಯ ಮೇಲಿನ ಅಟ್ಟದಲ್ಲಿ ಕ್ಯಾಸೆಟ್ ಒಣಗಿಸುವ ಯೋಚನೆಯೂ ಬೇಡ, ಮೆಣಸು, ಏಲಕ್ಕಿಗೆ ಆ ಶಾಖ, ಹೊಗೆ ಸರಿ, ಟೇಪಿಗಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಸಾಕು. ಹಾಕಿದ ಮೇಲೂ ತಕ್ಷಣ ಪ್ಲೇ ಒತ್ತದೆ ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಲುಗಾಡದೆ ಕೂತ ಟೇಪು ಸಡಿಲವಾಗಿ ಸಮನಾಗುತ್ತದೆ.

ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ ಇಳಿಸೋದಕ್ಕೆ ಫೈರ್‌ವೈರ್ ಅನ್ನೋ ಬೇರೆ ತರಹದ ಕಿಂಡಿ, ಕೇಬಲ್ ಬೇಕು. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇದ್ದರೂ ಹೆಚ್ಚಿನವುಗಳಲ್ಲಿ ಅದು ಫೋಟೋಗೆ ಅಥವಾ ಸಣ್ಣ ಗುಣಮಟ್ಟದ ವಿಡಿಯೋಗೆ ಮಾತ್ರ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ಕೇಬಲ್ ಸಿಗುತ್ತದೆ, ಅದಕ್ಕೆ ದುಡ್ಡು ಕೊಡಬೇಡಿ. ಎರಡೂ ಮಾತಾಡುವ ಭಾಷೆಯೇ ಬೇರೆ, ತಂತಿ ಜೋಡಿಸಿದರೆ ಸಾಲದು. ಹಳೆ ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಹಾಕಿಸುವುದೇ ನೇರ ದಾರಿ.

ಇಳಿಸುವಾಗ ಎರಡು ಸಲ ಒಂದೇ ಜಾಗದಲ್ಲಿ ನಿಂತುಹೋಯಿತು. ಇಪ್ಪತ್ತು ನಿಮಿಷ ತುಂಬುವ ಮುಂಚೆಯೇ. ಕ್ಯಾಸೆಟ್ಟೇ ಕೆಟ್ಟಿದೆ ಅಂದುಕೊಂಡಿದ್ದೆ. ಆಮೇಲೆ ಬೇರೆ ಕ್ಯಾಸೆಟ್ ಹಾಕಿದರೂ ಅಷ್ಟೇ ಹೊತ್ತಿಗೆ ನಿಂತಿತು. ಬೇರೆ ಬೇರೆ ಕ್ಯಾಸೆಟ್ ಒಂದೇ ಹೊತ್ತಿಗೆ ನಿಲ್ಲುತ್ತದೆ ಅಂದರೆ ತಪ್ಪು ಕ್ಯಾಸೆಟ್‌ನಲ್ಲಿಲ್ಲ, ಅಲ್ವಾ? ನೋಡಿದರೆ ನನ್ನ ಹೊರಗಿನ ಹಾರ್ಡ್‌ಡಿಸ್ಕ್ ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಾಗುವ ಹಾಗಿಲ್ಲ. ಡಿವಿ ವಿಡಿಯೋ ಒಂದು ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ಆ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ಗೆ ಬದಲಾಯಿಸಿದ ಮೇಲೆ ಪೂರ್ತಿ 60 ನಿಮಿಷ ಒಂದೇ ಉಸಿರಿನಲ್ಲಿ ಇಳಿಯಿತು. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲು ಬೇರೆ ಕಡೆ ತೆಗೆದಿಡಿ.

ನನಗೆ ಅಲ್ಲಿಂದ ಒಂದು ಅಭ್ಯಾಸ ಬಂತು. ಕ್ಯಾಸೆಟ್, ಇಳಿಸುವುದು, ಕತ್ತರಿಸಿ ಜೋಡಿಸುವುದು, ಡಿವಿಡಿಗೆ ಬೇಕಾದ ಎಂಪೆಗ್2 ರೂಪದ ಫೈಲ್ ಮಾಡುವುದು, ಡಿಸ್ಕ್ ಬರೆಯುವುದು, ಕೊನೆಗೆ ಪ್ಲೇಯರ್. ತೊಂದರೆ ಕಂಡ ತಕ್ಷಣ ಸೆಟ್ಟಿಂಗ್ ಬದಲಾಯಿಸುತ್ತಾ ಕೂರುವ ಬದಲು, ಇದರಲ್ಲಿ ಯಾವ ಹಂತದವರೆಗೆ ಸರಿಯಿದೆ ಅಂತ ಮೊದಲು ನೋಡುವುದು. ಟಿವಿಯಲ್ಲಿ ಚಿತ್ರ ಕೆಟ್ಟರೆ ಡಿಸ್ಕ್‌ನ ಫೈಲನ್ನು ಕಂಪ್ಯೂಟರ್‌ನಲ್ಲಿ ನೋಡಿ, ಅದೂ ಕೆಟ್ಟಿದ್ದರೆ ಎಂಪೆಗ್ ಫೈಲ್, ಅದೂ ಕೆಟ್ಟಿದ್ದರೆ ಮೂಲ ಫೈಲ್. ಎಲ್ಲಿ ಸರಿಯಿರುವುದು ಮುಗಿಯುತ್ತದೋ ಅಲ್ಲೇ ಕೆಲಸ ಇದೆ.

ಎಡಿಟಿಂಗ್‌ನಲ್ಲಿ ಎರಡು ವಿಷಯ ಕಾಡಿತು. ಒಂದು ಕನ್ನಡ. 'ಸುಗ್ಗಿ' ಅಂತ ಶೀರ್ಷಿಕೆ ಹಾಕಿದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಬಿದ್ದು, ಗುಣಿತ ಎಲ್ಲೋ ಹೋಗಿ ಕೂತು, ಓದಲಾಗದ ಹಾಗಾಯಿತು. ಹಳೆ ಎಡಿಟಿಂಗ್ ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡ ಜೋಡಿಸಲು ಬರುವುದಿಲ್ಲ. ನುಡಿ, ಬರಹದ ಹಳೆ ಆಸ್ಕಿ ಫಾಂಟುಗಳಲ್ಲಿ ಬರೆದರೆ ಸರಿ ಬರುತ್ತದೆ, ಮದುವೆ ವಿಡಿಯೋದವರು ಈಗಲೂ ಅದನ್ನೇ ಬಳಸುವುದು ಇದಕ್ಕೇ ಇರಬೇಕು. ನಾನು ಮಾಡಿದ್ದು ಇನ್ನೂ ಸುಲಭ, ಶೀರ್ಷಿಕೆಯನ್ನು ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ವಿಡಿಯೋದ ಮೇಲೆ ಇಟ್ಟೆ. ಅಜ್ಜಿ ಹೆಸರು ತಪ್ಪಾಗಿ ಬಂದಿರುವ ಡಿಸ್ಕನ್ನು ನಾನು ಅಜ್ಜಿಗೆ ಕೊಡಲಾರೆ. ಅಕ್ಷರಗಳನ್ನು ಚೌಕಟ್ಟಿನ ಅಂಚಿಗೆ ತೀರ ಹತ್ತಿರ ಇಡಬೇಡಿ, ಡಬ್ಬಾ ಟಿವಿಗಳು ನಾಲ್ಕೂ ಕಡೆ ಸ್ವಲ್ಪ ನುಂಗುತ್ತವೆ.

ಇನ್ನೊಂದು ಧ್ವನಿ. ಅತ್ತೆಯ ಮದುವೆಯಲ್ಲಿ ವಾಲಗದವರು ಊದಿ ನಿಲ್ಲಿಸಿದ ಮೇಲೂ ವಾಲಗ ಕೇಳುತ್ತಿತ್ತು. ಇಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಶುರುವಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಧ್ವನಿ ಹಿಂದಿದ್ದರೆ ಅದನ್ನು ಸುಮ್ನೆ ಎಳೆದು ಸರಿಸಿದರೆ ಮುಗಿಯಿತು. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಜಾಸ್ತಿ ಆದರೆ ಎಳೆದು ಪ್ರಯೋಜನ ಇಲ್ಲ, ಲೆಕ್ಕವೇ ತಪ್ಪಿದೆ ಅಂತ ಅರ್ಥ. ನಮ್ಮದು ಎರಡನೇ ತರಹದ್ದು. ಅಪ್ಪನ ಕ್ಯಾಮೆರಾ ಧ್ವನಿಯನ್ನು 12 ಬಿಟ್, 32 ಕಿಲೋಹರ್ಟ್ಸ್‌ನಲ್ಲಿ ಹಿಡಿದಿತ್ತು, ಡಿವಿಡಿಗೆ ಬೇಕಾದದ್ದು 48. ತಂತ್ರಾಂಶ ಅದನ್ನು ದಾರಿಯಲ್ಲೇ ಬದಲಾಯಿಸುವಾಗ ಜಾರುತ್ತಾ ಹೋಗಿದೆ. ಎಡಿಟ್ ಶುರು ಮಾಡುವ ಮುಂಚೆಯೇ ಧ್ವನಿಯನ್ನು 48ಕ್ಕೆ ಬದಲಾಯಿಸಿಕೊಂಡೆ, ಸರಿಹೋಯಿತು. ಫೋನಿನ ವಿಡಿಯೋ ಸೇರಿಸುವವರಿಗೂ ಇದೇ ತರಹದ ತೊಂದರೆ ಬರುತ್ತದೆ, ಕಾರಣ ಬೇರೆ. ಫೋನುಗಳು ಬೆಳಕು ನೋಡಿಕೊಂಡು ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದನ್ನು ಏರಿಳಿಸುತ್ತವೆ. ಹ್ಯಾಂಡ್‌ಬ್ರೇಕ್ ಅನ್ನೋ ತಂತ್ರಾಂಶದಲ್ಲಿ ಮೊದಲು ಸ್ಥಿರ ಫ್ರೇಮ್‌ರೇಟ್‌ಗೆ ಬದಲಾಯಿಸಿ ಆಮೇಲೆ ಎಡಿಟ್ ಮಾಡಿ.

ಈಗ ತಾತನ ಕೈ.

ಹಳೆ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ ಒಂದು ಚಿತ್ರ ಅಲ್ಲ, ಎರಡು ಅರ್ಧ ಚಿತ್ರ. ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು, ಇವಕ್ಕೆ ಫೀಲ್ಡ್ ಅಂತ ಹೆಸರು. ನಮ್ಮ ದೇಶದ ಪಾಲ್ ಅನ್ನೋ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 50 ಫೀಲ್ಡ್. ಎರಡೂ ಫೀಲ್ಡ್ ಒಂದೇ ಕ್ಷಣದ್ದಲ್ಲ, ಒಂದಾದ ಮೇಲೆ ಒಂದು ಹಿಡಿದದ್ದು. ಮಿನಿಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ನಾನು ಎಂಪೆಗ್ ಮಾಡುವಾಗ ಸೆಟ್ಟಿಂಗ್ ಮೇಲಿನ ಫೀಲ್ಡ್ ಮೊದಲು ಅಂತ ಇತ್ತು. ಹಾಗಾಗಿ ಟಿವಿ ಪ್ರತಿ ಫ್ರೇಮ್‌ನಲ್ಲೂ ಆಮೇಲಿನ ಕ್ಷಣವನ್ನು ಮೊದಲು, ಮೊದಲಿನ ಕ್ಷಣವನ್ನು ಆಮೇಲೆ ತೋರಿಸುತ್ತಿತ್ತು. ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ. ಸೆಕೆಂಡಿಗೆ ಇಪ್ಪತ್ತೈದು ಸಲ. ನಿಂತವರಿಗೆ ಮೊದಲು, ಆಮೇಲೆ ಅನ್ನೋ ವ್ಯತ್ಯಾಸ ಇಲ್ಲ, ಅದಕ್ಕೇ ಅವರು ಸರಿಯಾಗಿ ಕಂಡರು. ಕಂಪ್ಯೂಟರ್ ಎರಡೂ ಅರ್ಧವನ್ನು ಒಟ್ಟಿಗೆ ಸೇರಿಸಿ ತೋರಿಸುವುದರಿಂದ ಅಲ್ಲಿ ಗೊತ್ತೇ ಆಗಲಿಲ್ಲ.

ಎಡಿಟಿಂಗ್ ಪ್ರಾಜೆಕ್ಟ್‌ನಲ್ಲೂ ಎಂಪೆಗ್ ಮಾಡುವಲ್ಲೂ ಕೆಳಗಿನ ಫೀಲ್ಡ್ ಮೊದಲು ಅಂತ ಬದಲಾಯಿಸಿದೆ. ಅಷ್ಟೇ. ಕೆಲವರು ಡಿಇಂಟರ್‌ಲೇಸ್ ಮಾಡಿ ಅಂತ ಹೇಳುತ್ತಾರೆ, ಎರಡು ಫೀಲ್ಡನ್ನು ಬೆರೆಸಿ ಒಂದು ಮಾಡುವುದು. ಫೋನಿನಲ್ಲಿ ನೋಡುವ ಪ್ರತಿಗೆ ಅದು ಸರಿ. ಡಬ್ಬಾ ಟಿವಿಗೆ ಹೋಗುವ ಡಿವಿಡಿಗೆ ಮಾಡಬೇಡಿ, ಕುಣಿತದ ಅರ್ಧ ಚಲನೆಯನ್ನೇ ಕಳೆದುಕೊಳ್ಳುತ್ತೀರಿ. ಇದನ್ನು ಪರೀಕ್ಷೆ ಮಾಡಲು ಪೂರ್ತಿ ವಿಡಿಯೋ ಬೇಕಿಲ್ಲ. ಜಾಸ್ತಿ ಓಡಾಟ ಇರುವ ಅರ್ಧ ನಿಮಿಷದ ತುಂಡನ್ನು ಅಳಿಸಿ ಬರೆಯುವ ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕ್‌ಗೆ ಹಾಕಿ ಟಿವಿಯಲ್ಲಿ ನೋಡಿ. ಇದು ನನಗೆ ಮೊದಲೇ ಹೊಳೆದಿದ್ದರೆ ನಾಲ್ಕು ಡಿಸ್ಕ್ ಉಳಿಯುತ್ತಿತ್ತು.

ಇನ್ನು ಎಷ್ಟು ಹೊತ್ತಿನ ವಿಡಿಯೋ ಒಂದು ಡಿಸ್ಕ್‌ಗೆ ಹಿಡಿಸಬೇಕು ಅನ್ನೋದು. ಹಿಂದೆ ಅತ್ತೆಯ ಮದುವೆಯದ್ದನ್ನು ಪೇಟೆಯ ಒಂದು ಸ್ಟುಡಿಯೋದಲ್ಲಿ ಮಾಡಿಸಿದ್ದೆವು, 2 ಗಂಟೆ 40 ನಿಮಿಷವನ್ನು ಒಂದೇ ಡಿಸ್ಕ್‌ಗೆ ತುರುಕಿ ಕೊಟ್ಟಿದ್ದರು. ಮುಖಗಳೆಲ್ಲ ಮೇಣದ ಹಾಗೆ, ಹಿಂದಿನ ಕಾಫಿ ಗಿಡ, ಸಿಲ್ವರ್ ಮರದ ಎಲೆಗಳೆಲ್ಲ ಹಸಿರು ಮುದ್ದೆ. ಲೆಕ್ಕ ಸುಲಭ. 4.7 ಜಿಬಿ ಡಿಸ್ಕ್ ಅಂದರೆ 37,600 ಮೆಗಾಬಿಟ್. ವಿಡಿಯೋದ ಉದ್ದವನ್ನು ಸೆಕೆಂಡ್ ಮಾಡಿ, ಈ ಮೆಗಾಬಿಟ್ಟನ್ನು ಆ ಸೆಕೆಂಡಿನಿಂದ ಭಾಗಿಸಿ, ಬರುವುದೇ ಬಿಟ್‌ರೇಟ್. 160 ನಿಮಿಷ ಅಂದರೆ 9,600 ಸೆಕೆಂಡ್, ಸೆಕೆಂಡಿಗೆ 4 ಮೆಗಾಬಿಟ್ಟೂ ಸಿಗಲ್ಲ, ಧ್ವನಿಯೂ ಅದರಲ್ಲೇ ಸೇರಬೇಕು. 90 ನಿಮಿಷಕ್ಕೆ ಹತ್ತಿರಹತ್ತಿರ 7 ಸಿಗುತ್ತದೆ. ನಮ್ಮೂರಿನ ವಿಡಿಯೋಗಳಿಗೆ ಇನ್ನೂ ಕಷ್ಟ, ಯಾಕೆಂದರೆ ಮಳೆ ಹನಿ, ಮಂಜು, ಗಾಳಿಗೆ ಅಲ್ಲಾಡುವ ಎಲೆ ಇವೆಲ್ಲ ಪ್ರತಿ ಫ್ರೇಮ್‌ಗೂ ಬದಲಾಗುತ್ತವೆ, ಇರುವ ಬಿಟ್ಟನ್ನೆಲ್ಲ ಅವೇ ತಿಂದುಬಿಡುತ್ತವೆ. ನಾನು ಮದುವೆಯನ್ನು ಎರಡು ಡಿಸ್ಕ್ ಮಾಡಿದೆ. ಧಾರೆವರೆಗೆ ಒಂದು, ಊಟದಿಂದ ಮುಂದೆ ಇನ್ನೊಂದು. ಧ್ವನಿಯನ್ನು ಕುಗ್ಗಿಸದೆ ಪಿಸಿಎಂ ಆಗಿ ಬಿಟ್ಟರೆ ಅದೊಂದೇ ಸೆಕೆಂಡಿಗೆ 1.5 ಮೆಗಾಬಿಟ್ ತೆಗೆದುಕೊಳ್ಳುತ್ತದೆ, ಡಾಲ್ಬಿ ಡಿಜಿಟಲ್‌ನಲ್ಲಿ 192 ಕಿಲೋಬಿಟ್ ಸಾಕು. ಹಾಗಂತ ಚಿಕ್ಕ ವಿಡಿಯೋಗೆ ಬಿಟ್‌ರೇಟ್ ತೀರಾ ಏರಿಸಲೂ ಬೇಡಿ. ಡಿವಿಡಿ ವಿಡಿಯೋದ ಮಿತಿ 9.8, ಆದರೆ ಮನೆಯಲ್ಲಿ ಬರೆದ ಡಿಸ್ಕನ್ನು ಹಳೆ ಪ್ಲೇಯರ್ ಅಷ್ಟು ವೇಗದಲ್ಲಿ ಓದಲು ಒದ್ದಾಡುತ್ತದೆ, ನಿಂತು ನಿಂತು ಓಡುತ್ತದೆ. ನಾನು 8ರ ಮೇಲೆ ಹೋಗುವುದಿಲ್ಲ.

ಬರೆಯುವಾಗ ನಮ್ಮ ಮುಖ್ಯ ಶತ್ರು ಕರೆಂಟು. ಆವತ್ತು ಡಿಸ್ಕ್ 92 ಪರ್ಸೆಂಟ್‌ಗೆ ಬಂದಿತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಇದೆಯಲ್ಲ ಅಂದುಕೊಂಡಿದ್ದೆ. ಸಾಮಾನ್ಯ ಇನ್ವರ್ಟರ್ ಬದಲಾಗುವ ಆ ಕಣ್ಣು ಮಿಟುಕಿನಷ್ಟು ಹೊತ್ತು ದೀಪಕ್ಕೆ ಏನೂ ಆಗಲ್ಲ, ಡೆಸ್ಕ್‌ಟಾಪ್ ಮಾತ್ರ ಆರಿ ಮತ್ತೆ ಶುರುವಾಗುತ್ತದೆ. ಯುಪಿಎಸ್ ಬೇಕು. ಅದಿಲ್ಲದಿದ್ದರೆ ಲ್ಯಾಪ್‌ಟಾಪ್‌ಗೆ ಹೊರಗಿನ ಡಿವಿಡಿ ರೈಟರ್ ಸಿಕ್ಕಿಸಿ ಬರೆಯಿರಿ, ಬ್ಯಾಟರಿ ಇದೆಯಲ್ಲ. ಆವತ್ತು ಇನ್ನೊಂದು ತಪ್ಪೂ ಇತ್ತು, ಎಂಪೆಗ್ ಮಾಡುವುದು, ಬರೆಯುವುದು ಎರಡನ್ನೂ ಒಂದೇ ಬಟನ್‌ಗೆ ಬಿಟ್ಟಿದ್ದೆ, ಹಾಗಾಗಿ ಐದು ಗಂಟೆಯ ಕೆಲಸವೂ ಡಿಸ್ಕಿನ ಜೊತೆ ಹೋಯಿತು. ಈಗ ಮೊದಲು ಐಎಸ್‌ಒ ಫೈಲ್, ಅಂದರೆ ಇಡೀ ಡಿಸ್ಕಿನದೇ ಒಂದು ಫೈಲ್, ಮಾಡಿ ಉಳಿಸುತ್ತೇನೆ. ಅದನ್ನು ಕಂಪ್ಯೂಟರ್‌ನಲ್ಲೇ ವಿಎಲ್‌ಸಿಯಲ್ಲಿ ತೆರೆದು ನೋಡುತ್ತೇನೆ. ಆಮೇಲೆ ಇಮ್‌ಜಿಬರ್ನ್‌ನಲ್ಲಿ ಬರೆಯುತ್ತೇನೆ, ಡಿಸ್ಕ್ ಮೇಲೆ 16ಎಕ್ಸ್ ಅಂತ ಇದ್ದರೂ 4ಎಕ್ಸ್‌ನಲ್ಲಿ. ತುಂಬಿದ ಡಿಸ್ಕ್‌ಗೆ ಹದಿನಾಲ್ಕು ನಿಮಿಷ, ಕಾಫಿ ಕುಡಿದು ಬರಬಹುದು. ಮುಗಿದ ಮೇಲೆ ಬರೆದದ್ದು ಸರಿಯಿದೆಯಾ ಅಂತ ವೆರಿಫೈ ಮಾಡೋದು ಬಿಡಬೇಡಿ.

ಚಿಕ್ಕಪ್ಪನ ಮಗ ಎಂಪಿ4 ಫೈಲನ್ನು ಹಾಗೇ ಡಿಸ್ಕ್‌ಗೆ ಕಾಪಿ ಮಾಡಿ, ಓಡ್ತಾ ಇಲ್ಲ ಅಂತ ಫೋನ್ ಮಾಡಿದ್ದ. ಅದು ಡೇಟಾ ಡಿಸ್ಕ್. ಹಳೆ ಪ್ಲೇಯರ್‌ಗೆ ವಿಡಿಯೋ_ಟಿಎಸ್ ಅನ್ನೋ ಫೋಲ್ಡರ್, ಅದರೊಳಗೆ ವಿಓಬಿ ಫೈಲುಗಳು ಇರಲೇಬೇಕು. ಕಂಪ್ಯೂಟರ್‌ನಲ್ಲಿ ಡಿಸ್ಕ್ ತೆರೆದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಎಲ್ಲ ಸರಿಮಾಡಿಕೊಂಡು ಹೋದರೆ ಅಜ್ಜಿಯ ಪ್ಲೇಯರ್ 'ನೋ ಡಿಸ್ಕ್' ಅಂದಿತು. ಅಂಗಡಿಯಿಂದ ತಂದ ಸಿನಿಮಾ ಡಿಸ್ಕ್ ಹಾಕಿದರೆ ಓಡುತ್ತಿತ್ತು. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕ್ ಬೆಳಕನ್ನು ಚೆನ್ನಾಗಿ ವಾಪಸ್ ಕಳಿಸುತ್ತದೆ, ಮನೆಯಲ್ಲಿ ಬರೆದದ್ದು ಕಡಿಮೆ. ಲೆನ್ಸ್ ಮಸುಕಾಗಿದ್ದರೆ ಮೊದಲು ಸೋಲುವುದು ಮನೆಯ ಡಿಸ್ಕ್. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ ನೋಡಿದರೆ ಲೆನ್ಸ್ ಮೇಲೂ ತೆಳ್ಳಗೆ ಬೂಸ್ಟು. ಕಿವಿಕಡ್ಡಿಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಮೆಲ್ಲಗೆ ಒರೆಸಿದೆ. ಒತ್ತಬಾರದು, ಆ ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ನೇತಾಡುತ್ತಿರುತ್ತದೆ. ಡಿಸ್ಕ್ ಎದ್ದಿತು. ಹಾಗೂ ಆಗದಿದ್ದರೆ ಡಿವಿಡಿ+ಆರ್ ಬಗೆಯ ಖಾಲಿ ಡಿಸ್ಕ್ ಬದಲು ಡಿವಿಡಿ-ಆರ್ ಹಾಕಿ ನೋಡಿ, ತೀರಾ ಹಳೆಯ ಕೆಲವು ಪ್ಲೇಯರ್‌ಗಳಿಗೆ ಅದೇ ಇಷ್ಟ.

ಡಿಸ್ಕ್ ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬೇಡಿ. ನಮ್ಮ ಥಂಡಿಗೆ ಅದು ಒಂದು ಬದಿ ಎದ್ದು, ಡಿಸ್ಕ್ ತಿರುಗುವಾಗ ಅಲ್ಲಾಡುತ್ತದೆ. ಡಿಸ್ಕ್‌ಗೆಂದೇ ಸಿಗುವ ಮೆದು ತುದಿಯ ಮಾರ್ಕರ್‌ನಲ್ಲಿ ಬರೆದರೆ ಸಾಕು. ಡಿಸ್ಕ್ ಮಾಡಿದೆ ಅಂತ ಮೂಲ ಫೈಲನ್ನು ಅಳಿಸಲೇಬೇಡಿ. ನಾವು ಬರೆಯುವ ಡಿಸ್ಕ್‌ನಲ್ಲಿ ಚಿತ್ರ ಇರುವುದು ಒಂದು ಬಣ್ಣದ ಪದರದಲ್ಲಿ, ಅದು ವರ್ಷ ಹೋದ ಹಾಗೆ ಮಾಸುತ್ತದೆ. ಎಡಿಟ್ ಮಾಡದ ಡಿವಿ ಫೈಲುಗಳನ್ನು ಒಂದು ಹಾರ್ಡ್‌ಡಿಸ್ಕ್‌ನಲ್ಲಿ ನಾನಿಟ್ಟುಕೊಂಡು, ಇನ್ನೊಂದನ್ನು ಮೈಸೂರಿನಲ್ಲಿ ಅಕ್ಕನ ಮನೆಗೆ ಕಳಿಸಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆಗೆ ಮನೆಯೇ ಹೋದದ್ದನ್ನು ನಮ್ಮ ಜಿಲ್ಲೆಯವರು ನೋಡಿದ್ದೇವೆ, ಎಲ್ಲ ಒಂದೇ ಬೀರುವಿನಲ್ಲಿ ಇಡೋಕೆ ಮನಸ್ಸು ಒಪ್ಪುವುದಿಲ್ಲ.

ಬೂಸ್ಟು ಹಿಡಿದ ಆ ಎರಡು ಕ್ಯಾಸೆಟ್ ಸಿಲಿಕಾ ಜೆಲ್ ಡಬ್ಬಿಯಲ್ಲಿವೆ. ಅವನ್ನು ನಾನು ಮುಟ್ಟುವುದಿಲ್ಲ, ಬಿಚ್ಚಿ ಟೇಪು ಒರೆಸಿ ಕೊಡುವವರ ಹತ್ತಿರವೇ ಕೊಡಬೇಕು. ಕಾಫಿ ಕುಯ್ಲು ಮುಗಿದ ಮೇಲೆ ಬೆಂಗಳೂರಿಗೆ ತೆಗೆದುಕೊಂಡು ಹೋಗುತ್ತೇನೆ.

ಹೋದ ಭಾನುವಾರ ಸರಿಮಾಡಿದ ಡಿಸ್ಕ್ ತಗೊಂಡು ಹೋದೆ. ಲೆನ್ಸ್ ಒರೆಸಿದ ಮೇಲೆ ಅಜ್ಜಿ ತಾವೇ ಬಟನ್ ಒತ್ತಿ ಹಾಕಿದರು. ಸುಗ್ಗಿ ಶುರುವಾಯಿತು, ತಾತ ಕೈ ಎತ್ತಿದರು, ಕೈ ಒಂದೇ ಇತ್ತು. ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ಅವರು ತಾತನನ್ನು ನೋಡಿ ನಕ್ಕರು, ಆಮೇಲೆ ಮನೆಯ ಅಂಗಳದ ದೃಶ್ಯ ಬಂದಾಗ ಇದ್ದಕ್ಕಿದ್ದಂತೆ "ಅಯ್ಯೋ, ಗೌರಿ! ನಮ್ಮ ಗೌರಿ ಅಲ್ವೇನೋ? ನಿಲ್ಸೋ, ನಿಲ್ಸೋ" ಅಂದರು. ತಾತನ ಹಿಂದೆ ಕೊಟ್ಟಿಗೆ ಬಾಗಿಲಲ್ಲಿ ಕಪ್ಪು ಹಸು ನಿಂತಿತ್ತು. ಅಷ್ಟು ಸಲ ಎಡಿಟ್ ಮಾಡಿಯೂ ನಾನು ಅದನ್ನು ಗಮನಿಸಿರಲಿಲ್ಲ. ಪಾಜ್ ಒತ್ತಿ ನಿಲ್ಲಿಸಿದೆ, ಅಜ್ಜಿ ಟಿವಿ ಹತ್ತಿರ ಹೋಗಿ ನೋಡಿದರು. ಸಂಜೆ ಹೊರಡುವ ಮುಂಚೆ ರಿಮೋಟ್‌ನ ಪಾಜ್ ಬಟನ್ ಮೇಲೆ ಕೆಂಪು ನೈಲ್ ಪಾಲಿಶ್‌ನ ಒಂದು ಚುಕ್ಕೆ ಇಟ್ಟು, ಎರಡು ಸಲ ಅವರಿಂದಲೇ ಒತ್ತಿಸಿ ತೋರಿಸಿ ಬಂದೆ.